ಬಲಗಡೆಯ ಹೂವು

ಹೊಳೆಯ ದಂಡೆಯಲ್ಲೊಂದು ಪುಟ್ಟ ಮಠ. ಅಲ್ಲಿ ಇದ್ದವರು ಇಬ್ಬರೇ. ಗುರು ಮರುಳಸಿದ್ಧಯ್ಯನವರು, ಶಿಷ್ಯ ಶಂಭುಲಿಂಗ. ಮೂರನೆಯವನು ಅಂತ ಹೇಳಬೇಕೆಂದರೆ ಗುಡಿಯೊಳಗಿನ ವೀರಭದ್ರ. ಅವನು ಮಾತಾಡುತ್ತಿರಲಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ.

ಹೇಗೆ ಅಂತೀರಾ? ದೇವರ ಎರಡು ಭುಜಕ್ಕೂ ಒಂದೊಂದು ಬಿಳಿ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಬೇಕು. ಬರೀ ನೀರು, ಬೇರೇನೂ ಕೂಡದು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕೈಮುಗಿದು ಕೂರಬೇಕು. ಬಲಭುಜದ ಹೂವು ಮೊದಲು ಬಿದ್ದರೆ ಆಗಲಿ ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ. ಸುತ್ತಲಿನ ಊರಿನವರು ಹೆಣ್ಣು ಕೊಡುವುದಕ್ಕೂ ಬಾವಿ ತೋಡುವುದಕ್ಕೂ ಇಲ್ಲಿಗೇ ಬಂದು ಪ್ರಸಾದ ಕೇಳಿಕೊಂಡು ಹೋಗುತ್ತಿದ್ದರು.

ಶಂಭುಲಿಂಗ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿದವನಲ್ಲ. ಅವನಿಗೆ ತನ್ನ ಅಂದಾಜಿನ ಮೇಲೆ ಭಾರೀ ನಂಬಿಕೆ. ಮಂಜು ಕವಿದ ಕಾಡಿನಲ್ಲೂ ದಿಕ್ಕು ತಪ್ಪಿದವನಲ್ಲ, ಪಾಪ, ಅದು ನಿಜವೇ. ಹೂವು ಬೀಳಲಿ ಅಂತ ಬಾಯಿ ತೆರೆದುಕೊಂಡು ಕೂತವರನ್ನು ಕಂಡರೆ ಅವನಿಗೆ ಒಳಗೊಳಗೇ ನಗು.

ಕೊನೆಗೆ ಅವನಿಗೂ ಕೇಳುವ ಕಾಲ ಬಂತು.

ಗುಡ್ಡದಾಚೆಯ ಮಠದ ಹಿರಿಯರು ತೀರಿಕೊಂಡು ಎರಡು ತಿಂಗಳಾಗಿತ್ತು. ಬುಧವಾರ ಆ ಕಡೆಯ ಇಬ್ಬರು ಯಜಮಾನರು ಬಂದರು. ಅಲ್ಲಿ ಒಲೆ ಹಚ್ಚುವವರಿಲ್ಲ, ನಂಬಿ ಬಂದ ಕಾಯಿಲೆಯವರಿಗೆ ಗಂಜಿ ಕಾಸಿ ಕೊಡುವವರಿಲ್ಲ, ನಿಮ್ಮ ಶಿಷ್ಯನನ್ನು ನಮಗೆ ಕೊಡಿ ಅಂತ ಗುರುಗಳ ಕಾಲು ಹಿಡಿದರು. ಸೋಮವಾರ ಬಂದು ಕರೆದುಕೊಂಡು ಹೋಗುತ್ತೇವೆ ಅಂದರು.

ಅವರು ಹೋದ ಮೇಲೆ ಶಂಭುಲಿಂಗ ಗುರುಗಳ ಮುಖ ನೋಡಿದ.

“ನನ್ನನ್ನು ನೋಡಬೇಡ ಮರಿ,” ಅಂದರು ಅವರು. “ಒಳಗಿದ್ದಾನಲ್ಲ, ಅವನನ್ನು ಕೇಳು.”

ಕೇಳುವುದೇನು ಬಂತು ಇದರಲ್ಲಿ, ಅಂದುಕೊಂಡ ಶಂಭುಲಿಂಗ. ಗುರುಗಳಿಗೆ ಎಂಬತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಗಂಜಿಗೆ ಉಪ್ಪು ಹಾಕಿಕೊಂಡದ್ದು ಮರೆತು ಮತ್ತೆ ಹಾಕಿಕೊಳ್ಳುತ್ತಾರೆ. ಹಿಮ್ಮಡಿಯಂತೂ ಬೇಸಿಗೆಯ ಕೆರೆಯ ಹಾಗೆ ಬಿರುಕು ಬಿಟ್ಟಿದೆ. ದಿನಾ ಸಂಜೆ ಜೇನುಮೇಣ ಬಿಸಿ ಮಾಡಿ ಆ ಬಿರುಕಿಗೆ ತುಂಬುವವನು ಅವನೇ. ತಾನು ಹೋದರೆ ಆ ಕಾಲನ್ನು ಯಾರು ಮುಟ್ಟುತ್ತಾರೆ?

ಯಾಕೋ ಗುರುವಾರದಿಂದ ಗುರುಗಳು ಕಾಲು ಚಾಚಿರಲಿಲ್ಲ. ನೋವಿಲ್ಲ ಬಿಡು, ಅನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಶಂಭುಲಿಂಗ ಹೂವು ಅಂಟಿಸಿ ಕೂತ. ನಾನು ಹೋಗಲೇ, ಅಂತ ಕೇಳಿದ. ಬಲಗಡೆಯದು ಬಿತ್ತು.

ಗಾಳಿ ಇರಬೇಕು ಅಂತ ಬಾಗಿಲು ಮುಂದಕ್ಕೆಳೆದು ಮತ್ತೆ ಕೇಳಿದ. ಆಗಲೂ ಬಲಗಡೆಯದೇ.

ಆಮೇಲೆ ಎದ್ದು ಹೋಗಿ ಗಂಧದ ಬಟ್ಟಲು ತಂದ. ಬಲಗಡೆಯ ಹೂವಿಗೆ ಹಿಂದೆ ಮುಂದೆ ನೋಡದೆ ದಪ್ಪಗೆ ಗಂಧ ಮೆತ್ತಿ ಒತ್ತಿದ. ಎಡಗಡೆಗೆ ಒಂದು ಹನಿ ನೀರು, ಅಷ್ಟೇ. ಅವನು ಕೈಮುಗಿಯುವುದರೊಳಗೆ ಎಡಗಡೆಯ ಹೂವು ಬಿದ್ದೇ ಹೋಯಿತು. ಆ ಸಲ ಅವನು ಕೈಮುಗಿದ ಭಕ್ತಿ ನೋಡಬೇಕಿತ್ತು ನೀವು.

ಓಡಿ ಹೋಗಿ ಗುರುಗಳಿಗೆ ಹೇಳಿದ, ದೇವರು ಬೇಡ ಅಂದುಬಿಟ್ಟ ಅಂತ. ಗುರುಗಳು ಹೌದಾ ಅಂದರು. ಆ ಸಡಗರದಲ್ಲಿ ಬಲಗಡೆಯ ಹೂವನ್ನು ಕಿತ್ತು ತೆಗೆಯುವುದನ್ನೇ ಮರೆತ ನಮ್ಮ ಶಿಷ್ಯ.

ಭಾನುವಾರ ದೇವರಿಗೆ ನೀರು ಹಾಕಲು ಗುರುಗಳೇ ಕೂತರು. ಒಂದು ಕೊಡ ಹೊಯ್ದರು. ಇನ್ನೊಂದು ಕೊಡ ಹೊಯ್ದರು. ಬಲಭುಜದ ಹೂವು ಜಪ್ಪಯ್ಯ ಅಂದರೂ ಕದಲಲಿಲ್ಲ. ಗುರುಗಳು ಅದನ್ನು ಉಗುರಿನಿಂದ ಎಬ್ಬಿಸಿ ಮೂಗಿನ ಹತ್ತಿರ ಹಿಡಿದು ಮೂಸಿದರು. ಖಾಲಿ ಕೊಡ ಹಿಡಿದು ನಿಂತಿದ್ದ ಶಂಭುಲಿಂಗನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಎಷ್ಟು ಸಲ ಕೇಳಿದೆ?” ಅಂದರು ಗುರುಗಳು.

“ಮೂರು ಸಲ, ಬುದ್ಧಿ.”

“ಮೊದಲು ಯಾವ ಕಡೆಯದು ಬಿತ್ತು?”

“ಬಲಗಡೆಯದು.”

“ಆಮೇಲೆ?”

“ಅದೂ ಬಲಗಡೆಯದೇ.”

“ಮೂರನೆಯ ಸಲ ಯಾರನ್ನು ಕೇಳಿದೆ?”

ಶಂಭುಲಿಂಗ ಕೊಡ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ. ದೊಡ್ಡ ಗಂಡಸು, ಗಡ್ಡದಲ್ಲಿ ಎರಡು ಬಿಳಿ ಕೂದಲು ಬಂದವನು, ಅಳತೊಡಗಿದ.

“ತಪ್ಪು ಮಾಡಿದೆ ಬುದ್ಧಿ. ಆದರೆ ನಿಮ್ಮನ್ನು ಈ ವಯಸ್ಸಿನಲ್ಲಿ ಒಂಟಿಯಾಗಿ ಬಿಟ್ಟು ಹೋಗೋದು ಹೇಗೆ ಸರಿಯಾಗುತ್ತೆ? ನನ್ನ ಜಾಗ ಇದೇ. ಇದರಲ್ಲಿ ನನಗೆ ದಿಕ್ಕು ತಪ್ಪಿಲ್ಲ.”

ಗುರುಗಳು ಬಯ್ಯಲಿಲ್ಲ. ನಿಧಾನವಾಗಿ ಜಗಲಿಗೆ ಬಂದು ಕೂತರು. ಬರುವಾಗ ಕುಂಟುತ್ತಿದ್ದರು. ಶಂಭುಲಿಂಗ ನೋಡಿದ. ಹಿಮ್ಮಡಿಯ ಬಿರುಕಿನಿಂದ ರಕ್ತ ಒಸರಿ ನೆಲಕ್ಕೆ ಹತ್ತಿತ್ತು.

ನೋವಿಲ್ಲ ಅಂದಿರಲ್ಲ ಅಂತ ಗೊಣಗುತ್ತ, ಕಣ್ಣೊರೆಸಿಕೊಳ್ಳುತ್ತ, ಅವನು ಮೇಣ ತರಲು ಒಳಗೆ ಹೋದ. ಮೇಣ ಇಡುವ ತೆಂಗಿನ ಚಿಪ್ಪು ಖಾಲಿ. ಬುಧವಾರ ಬೆಳಿಗ್ಗೆ ತಾನೇ ತುಂಬ ತುಂಬಿಸಿಟ್ಟಿದ್ದ. ಇಲಿ ತಿಂದಿತೇ?

ಚಿಪ್ಪಿನ ಪಕ್ಕದಲ್ಲೇ ಒಂದು ಗಂಟು ಕಂಡಿತು. ಬಿಚ್ಚಿ ನೋಡಿದರೆ ಅವನದೇ ಕಂಬಳಿ, ಎರಡು ಪಂಚೆ, ಒಂದು ಸೇರು ರಾಗಿ ಹಿಟ್ಟು. ಕಟ್ಟಿದ ರೀತಿ ಓರೆಕೋರೆ. ಕಣ್ಣು ಮಂಜಾದವರು ಕಟ್ಟಿದ ಗಂಟು.

ಎರಡನ್ನೂ ಹಿಡಿದುಕೊಂಡು ಹೊರಗೆ ಬಂದ.

“ಗಂಟು ಕಟ್ಟಿಟ್ಟುಬಿಟ್ಟಿದ್ದೀರಿ,” ಅಂದ. “ನನ್ನನ್ನು ಕಳಿಸೋದು ಅಂತ ಆಗಲೇ ತೀರ್ಮಾನ ಮಾಡಿದ್ದಿರಾ? ನಿಮಗೆ ನಾನು ಬೇಡವಾದೆನಾ?”

ಗುರುಗಳು ಗಂಟಿನ ಕಡೆ ನೋಡಲಿಲ್ಲ. ಖಾಲಿ ಚಿಪ್ಪನ್ನು ಅವನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವನನ್ನು ಹತ್ತಿರ ಎಳೆದು ಕೂರಿಸಿಕೊಂಡು, ಹೆಗಲ ಮೇಲಿನ ವಸ್ತ್ರದಿಂದ ಅವನ ಮುಖ ಒರೆಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಗುರುವಾರ ನಾನೂ ಕೇಳಿದ್ದೆ ಮರಿ,” ಅಂದರು. “ನೀನು ಬಲಗಡೆಯ ಹೂವಿಗೆ ಗಂಧ ಮೆತ್ತಿದೆ. ನಾನು ಈ ಮೇಣವನ್ನೆಲ್ಲ ಮೆತ್ತಿದ್ದೆ. ಆದರೂ ಬಲಗಡೆಯದೇ ಬಿತ್ತು.”