ಇಲಿ ಹರಿದ ಹಸಿರು ಚೀಟಿ

ಹೊಸ ಔಷಧಿ ಕುಡಿದೂ ಒಂದು ತಿಂಗಳು ಬದುಕಿದ್ದಕ್ಕೆ ಬಿಳಿ ಇಲಿಯ ಪಂಜರಕ್ಕೆ ಡಾಕ್ಟರ್ ವಾರಿಜಾ ಹಸಿರು ಚೀಟಿ ಕಟ್ಟಿದ್ದರು. ಆ ಪ್ರಯೋಗಾಲಯದಲ್ಲಿ ಚೀಟಿಯಿದ್ದ ಇಲಿಗೆ ಉಳಿವು, ಇಲ್ಲದ ಇಲಿಗೆ ಕತ್ತರಿ. ಇಲಿ ಮೀಸೆ ತಿರುವುತ್ತಾ ಕೂತಿತ್ತು.

ಪಕ್ಕದ ಮೇಜಿನ ಮೇಲೆ ಹೆಬ್ಬೆರಳಗಲದ, ಗಾಜಿನಂತೆ ಪಾರದರ್ಶಕವಾದ ಚಿಪ್ ಒಂದಿತ್ತು. ಅದರೊಳಗೆ ಮನುಷ್ಯರ ಲಿವರಿನ ಜೀವಕೋಶಗಳನ್ನು ಬೆಳೆಸಿ, ಅದೇ ಔಷಧಿಯನ್ನು ಹರಿಸಿದ್ದರು.

“ಬಾಲವಿಲ್ಲ, ಬಾಯಿಲ್ಲ. ನೀನೂ ಒಬ್ಬ ಸಾಕ್ಷಿಯೇ?” ಎಂದು ಇಲಿ ಹಂಗಿಸಿತು.

“ನೀವು ಬದುಕಿದ್ದು ನಿಜ, ಇಲಿರಾಯರೇ. ಆದರೆ ನಿಮ್ಮದು ಇಲಿಯ ಲಿವರು. ಹೊರಗೆ ಔಷಧಿಗೆ ಕಾದು ಕೂತಿರುವ ಎಂಟು ಮಂದಿಗೆ ಇರುವುದು ನನ್ನಂಥದ್ದು. ನನ್ನೊಳಗಿನ ಲಿವರು ಆ ಔಷಧಿಗೆ ಸಾಯುತ್ತಿದೆ, ನೋಡಿ,” ಎಂದಿತು ಚಿಪ್.

ಇಲಿ ನೋಡಿತು. ಬೆಳಿಗ್ಗೆ ತಿಳಿಯಾಗಿದ್ದ ಚಿಪ್ ಕದಡಿಹೋಗಿತ್ತು.

“ಡಾಕ್ಟರಿಗೆ ಹೇಳು!”

“ಅವರು ಮೊದಲು ನೋಡುವುದು ನಿಮ್ಮ ಚೀಟಿಯನ್ನು. ನನ್ನ ಸರದಿ ಊಟವಾದ ಮೇಲೆ.”

ಅಷ್ಟರಲ್ಲಿ ವಾರಿಜಾ ಬಂದರು. ಹಸಿರು ಚೀಟಿಯತ್ತ ಕಣ್ಣು ಹಾಯಿಸಿ, ಔಷಧಿಯ ಟ್ರೇ ಎತ್ತಿಕೊಂಡು ಬಾಗಿಲತ್ತ ನಡೆದರು. ಇಲಿ ಕಂಬಿಯ ಸಂದಿಯಿಂದ ಚೀಟಿಯನ್ನು ಒಳಗೆಳೆದು ಪರಪರ ಹರಿಯತೊಡಗಿತು.

ಸದ್ದಿಗೆ ವಾರಿಜಾ ತಿರುಗಿ ಬಂದು ಟ್ರೇಯನ್ನು ಮೇಜಿನ ಮೇಲಿಟ್ಟರು. ಕದಡಿದ ಚಿಪ್ ಕಣ್ಣಿಗೆ ಬಿತ್ತು. ಎಂಟು ಮಂದಿಯೂ ಔಷಧಿಯಿಲ್ಲದೆ ಮನೆಗೆ ಹೋದರು.

ಇಲಿ ಕೊನೆಯ ಹಸಿರು ಚೂರನ್ನು ನುಂಗಿ, ಕತ್ತರಿಯ ಸದ್ದಿಗೆ ಕಿವಿ ನಿಮಿರಿಸಿ ಕೂತಿತು.