ಚಪಲೆ ಕೈ ಮುಗಿದದ್ದು

ಆಲದ ಕೊಂಬೆಯಿಂದ ಬಿದ್ದು ಮೊಣಕೈ ಮುರಿದುಕೊಂಡ ಚಪಲೆಯೆಂಬ ತಾಯಿಕೋತಿಗೆ, ಕೆರೆಯ ವೈದ್ಯನಾದ ಆಮೆ ಕೂರ್ಮಜ್ಜ ಬಿದಿರಿನ ದಬ್ಬೆ ಕಟ್ಟಿ, "ಮೂಳೆ ಕೂಡುವವರೆಗೆ ಅಲ್ಲಾಡಿಸಬೇಡ" ಎಂದ. ಕೋತಿ ಹುಣ್ಣು ಬ್ರಹ್ಮರಾಕ್ಷಸ ಎನ್ನುತ್ತಾರಲ್ಲ, ಚಪಲೆ ಗಳಿಗೆಗೊಮ್ಮೆ ಕಟ್ಟು ಕೆದಕುತ್ತಿದ್ದಳು. ಅವಳ ಮರಿಯೋ ಚಿಕ್ಕಮ್ಮನ ಬೆನ್ನಿಗಂಟಿಕೊಂಡು ತಾಯಿಯತ್ತ ಕೈಚಾಚಿ ಕೀಚಲಿಡುತ್ತಿತ್ತು. ಅದನ್ನು ಎದೆಗಪ್ಪಿಕೊಳ್ಳಲಾಗದ ಸಂಕಟ ಅವಳಿಗೆ.

ಭಗವಂತನ ದಯೆಯಿಂದ ಮೂಳೆ ಕೂಡಿತು. ಕೂರ್ಮಜ್ಜ ದಬ್ಬೆ ಬಿಚ್ಚಿ, "ಇನ್ನು ಮಡಿಸಮ್ಮ" ಎಂದ. ಕೈ ದಬ್ಬೆಯಂತೆಯೇ ಸೆಟೆದಿತ್ತು. ತುಸು ಬಾಗಿಸಿದ್ದೇ ತಡ, "ಅಯ್ಯೋ, ಮತ್ತೆ ಮುರೀತು!" ಎಂದು ಚಪಲೆ ಕೂಗಿಕೊಂಡಳು.

"ಮುರಿದಿಲ್ಲ, ಬಿಗಿದಿದೆ. ಅಂದು ಸುಮ್ಮನಿರು ಅಂದರೆ ಕುಣಿದೆ. ಇಂದು ಆಡಿಸು ಅಂದರೆ ಕಲ್ಲಾಗಿ ಕೂತೆಯಲ್ಲೇ!"

"ನೋಯುತ್ತೆ ಅಜ್ಜ. ಮೊದಲು ನೋವು ಹೋಗಲಿ ಅಂತ ದೇವರನ್ನು ಬೇಡ್ತೀನಿ. ಹೋದ ಮೇಲೆ ಮಡಿಸ್ತೀನಿ."

"ಒಳ್ಳೇದು, ಬೇಡಿಕೋ. ಕೈ ಮುಗಿದೇ ಬೇಡಿಕೋ."

ಚಪಲೆ ಕೈ ಮುಗಿಯಹೋದಳು. ಮೊಣಕೈ ಮಡಿಸದೆ ಅಂಗೈ ಎದೆಯ ಹತ್ತಿರ ಬರಲೊಲ್ಲದು. ಅವಳು ಅಜ್ಜನನ್ನು ದುರುಗುಟ್ಟಿ ನೋಡಿದಳು. ಅಜ್ಜ ಕತ್ತನ್ನು ಚಿಪ್ಪಿನೊಳಗೆ ಎಳೆದು, ಮೆಲ್ಲಗೆ ಮತ್ತೆ ಹೊರಚಾಚಿದ.

ಅಂದಿನಿಂದ ಅವಳು ಬೆಳಿಗ್ಗೆ ಸಂಜೆ ಹಲ್ಲು ಕಚ್ಚಿ ಕೈ ಮುಗಿಯತೊಡಗಿದಳು. ಒಂದೊಂದು ದಿನ ಎಳ್ಳಷ್ಟು ಬಾಗಿತು, ಒಂದೊಂದು ದಿನ ಅದೂ ಇಲ್ಲ. ಕೊನೆಗೊಂದು ಮುಂಜಾನೆ ಎದೆಯ ಮುಂದೆ ಅಂಗೈಗೆ ಅಂಗೈ ತಾಕಿತು. ಚಿಕ್ಕಮ್ಮನ ಬೆನ್ನಿನಿಂದ ಮರಿ ಛಂಗನೆ ಜಿಗಿದು ಆ ಎರಡು ತೋಳುಗಳ ನಡುವೆ ಸೇರಿಕೊಂಡಿತು.

ದೇವರಲ್ಲಿ ಬೇಡಬೇಕಾಗಿದ್ದೇನೆಂಬುದು ಚಪಲೆಗೆ ಆಗ ನೆನಪಾಗಲೇ ಇಲ್ಲ.