ಗ್ರಹಣದ ಹೊತ್ತಿನ ಎಲೆಯಾಟ

“ಗುರುಗಳೇ, ಒಂದೇ ಕಟ್ಟಳೆಗೆ ಎರಡು ಅರ್ಥ ಬಂದರೆ ಯಾವುದನ್ನು ಹಿಡಿಯಬೇಕು?” ಎಂದು ಶಿಷ್ಯ ಕೇಳಿದ. ಮರುದಿನ ಅವನು ಊರಿನ ಒಂದು ವ್ಯಾಜ್ಯಕ್ಕೆ ತೀರ್ಪು ಹೇಳಬೇಕಾಗಿತ್ತು. ವ್ಯಾಜ್ಯಕ್ಕೆ ನಿಂತವರಲ್ಲಿ ಒಬ್ಬ ತನ್ನ ಸ್ವಂತ ಅಣ್ಣ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿಗೂ ಒಬ್ಬ ಕುದುರೆ ವ್ಯಾಪಾರಿಗೂ ಎಲೆಯಾಟದ ಹುಚ್ಚು. ಗುಂಡನೆಯ ಎಲೆಗಳ ಮೇಲೆ ಯಾಳಿ, ಗಂಡಭೇರುಂಡ, ಸೂರ್ಯ, ಚಂದ್ರರ ಚಿತ್ರ. ಸೂರ್ಯನೂ ಚಂದ್ರನೂ ಎದುರಾದರೆ ಹಗಲಿನಲ್ಲಿ ಸೂರ್ಯನ ಎಲೆಗೆ ಗೆಲುವು, ರಾತ್ರಿಯಲ್ಲಿ ಚಂದ್ರನ ಎಲೆಗೆ. ಕಟ್ಟಳೆ ಅಷ್ಟೇ. ಒಂದು ದಿನ ವ್ಯಾಪಾರಿ ತನ್ನ ಬಿಳಿ ಕುದುರೆಯನ್ನು ಪಣಕ್ಕಿಟ್ಟ. ನೇಕಾರ ಹಿಂದುಮುಂದು ನೋಡದೆ ಮಗ್ಗವನ್ನೇ ಇಟ್ಟುಬಿಟ್ಟ. ಮಗ್ಗ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಅಂದು ಗ್ರಹಣ. ಊರವರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರು. ಈ ಇಬ್ಬರು ಮಹಾನುಭಾವರು ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಕೊನೆಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ಎಲೆ ಉಳಿಯಿತು. ನೇಕಾರನದು ಸೂರ್ಯ, ವ್ಯಾಪಾರಿಯದು ಚಂದ್ರ. ಆಗಲೇ ನಡುಮಧ್ಯಾಹ್ನದಲ್ಲಿ ಕತ್ತಲೆ ಕವಿಯಿತು.

“ಹಗಲು ಕಣಯ್ಯಾ! ಇನ್ನೂ ಮಧ್ಯಾಹ್ನದ ಊಟವೇ ಆಗಿಲ್ಲ!” ಎಂದು ನೇಕಾರ ಕೂಗಿದ.

“ನಿನ್ನ ಮುಖವೇ ನನಗೆ ಕಾಣುತ್ತಿಲ್ಲ, ಎಂಥ ಹಗಲು ಮಾರಾಯಾ?” ಎಂದ ವ್ಯಾಪಾರಿ.

ಎಲೆಗಳಿಗೆ ಚಿತ್ರ ಬರೆದಿದ್ದ ಮುದುಕಿ ಪಕ್ಕದಲ್ಲೇ ಕೂತಿದ್ದಳು. ಕಟ್ಟಳೆಯ ವಿಷಯದಲ್ಲಿ ಅವಳದೇ ಕೊನೆಯ ಮಾತು. “ಎಲೆ ಅದಲುಬದಲು ಮಾಡಿಕೊಳ್ಳಿ. ಆಮೇಲೆ ಹೇಳಿ, ಇದು ಹಗಲೋ ರಾತ್ರಿಯೋ” ಎಂದಳು.

ಬದಲಾಯಿಸಿಕೊಂಡರು. ಚಂದ್ರ ಕೈಗೆ ಬಂದದ್ದೇ ತಡ, ‘ರಾತ್ರಿ’ ಎಂಬ ಮಾತು ನೇಕಾರನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ವ್ಯಾಪಾರಿ ಬಾಯಿಬಿಟ್ಟ: “ಅಜ್ಜೀ, ಇನ್ನೂ ಮಧ್ಯಾಹ್ನದ ಊಟವೇ ಆಗಿಲ್ಲ!”

ತನ್ನ ಮಾತನ್ನೇ ಇನ್ನೊಬ್ಬನ ಬಾಯಲ್ಲಿ ಕೇಳಿ ನೇಕಾರನಿಗೆ ನಾಚಿಕೆಯಾಯಿತು. ವ್ಯಾಪಾರಿಯ ಮುಖ ನೋಡಲಾರದೆ ತಲೆಯೆತ್ತಿದ. ಆಗ ಆಕಾಶ ಕಂಡಿತು. ಸೂರ್ಯನಿದ್ದಲ್ಲಿ ಒಂದು ಕಪ್ಪು ಬಿಲ್ಲೆ. ಅದರ ಸುತ್ತ ಬೆಳ್ಳಿ ಸರಿಗೆಯ ಅಂಚು. ಮಧ್ಯಾಹ್ನದ ಆಕಾಶದಲ್ಲಿ ಚುಕ್ಕಿಗಳು. ಗೊಂದಲಗೊಂಡ ಕೊಕ್ಕರೆಗಳು ಗೂಡಿಗೆ ಮರಳುತ್ತಿದ್ದವು. ಇಷ್ಟು ದೊಡ್ಡದು ನೆತ್ತಿಯ ಮೇಲೆ ನಡೆಯುತ್ತಿರುವಾಗ ತಾನು ಅಂಗೈಯಗಲದ ಎಲೆ ನೋಡುತ್ತ ಕೂತಿದ್ದೆನಲ್ಲ ಎನಿಸಿತು ಅವನಿಗೆ. ಕೈಗಳು ತಾವಾಗಿಯೇ ಮುಗಿದವು. ಎಲೆ ಕೆಳಗೆ ಬಿತ್ತು.

“ನನಗೆ ಗೊತ್ತಿಲ್ಲ ಅಜ್ಜೀ” ಎಂದ.

ವ್ಯಾಪಾರಿಯೂ ಮೇಲೆ ನೋಡಿದ. ಅವನೂ ಎಲೆ ಕೆಳಗಿಟ್ಟ. ಮುದುಕಿ ಎರಡೂ ಎಲೆಗಳನ್ನು ಪೆಟ್ಟಿಗೆಯೊಳಗೆ ಹಾಕಿದಳು. ಬೆಳಕು ಬಂದಾಗ ವ್ಯಾಪಾರಿ ಕುದುರೆಯೊಂದಿಗೆ ಹೊರಟುಹೋದ, ನೇಕಾರ ಮಗ್ಗದ ಮುಂದೆ ಹೋಗಿ ಕೂತ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಕಟ್ಟಳೆಯ ಪ್ರಕಾರ ಗೆದ್ದವರು ಯಾರು, ಗುರುಗಳೇ?”

“ಅದಿರಲಿ, ಈಗ ನಿನ್ನ ಕೈಯಲ್ಲಿರುವುದು ಯಾರ ಎಲೆಯಪ್ಪ?” ಎಂದರು ಗುರುಗಳು.

“ನಮ್ಮಣ್ಣನದು” ಎಂದ ಶಿಷ್ಯ.